ಎತ್ತಿನ ಬಾಯಿಗೆ ಬೇರೆ ಎತ್ತಿನ ಹಲ್ಲು

ಹಾವೇರಿಯ ದನದ ಸಂತೆಯಲ್ಲಿ ಎತ್ತಿನ ವಯಸ್ಸನ್ನು ಬಾಯಿಮಾತಿನಲ್ಲಿ ಯಾರೂ ನಂಬುವುದಿಲ್ಲ. ಒಬ್ಬ ಮೂಗುದಾಣ ಹಿಡಿಯುತ್ತಾನೆ, ಇನ್ನೊಬ್ಬ ಕೆಳತುಟಿ ಜಗ್ಗಿ ನೋಡುತ್ತಾನೆ. ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು (ಎಲ್ಲ ಹಲ್ಲೂ ಬಂದದ್ದು). ಮಾತು ಶುರುವಾಗುವುದೇ ಆಮೇಲೆ. ಅಲ್ಲಿ ನಿಂತು ನೋಡುತ್ತಿದ್ದ ನನ್ನ ತಂಗಿಯ ಮಗ ಕೇಳಿದ: “ಮಾಮಾ, ಹಲ್ಲು ಬಿದ್ದ ಎತ್ತಿಗೆ ಬೇರೆ ಎತ್ತಿನ ಹಲ್ಲು ಹಚ್ಚಿದ್ರ ಕೂಡ್ತೈತೇನು?”

ಒಳ್ಳೆಯ ಪ್ರಶ್ನೆ. ಹಳೆಯದೂ ಹೌದು. 18ನೇ ಶತಮಾನದಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ ಮನುಷ್ಯರ ಹಲ್ಲನ್ನು ಹುಂಜದ ಜುಟ್ಟಿನಲ್ಲಿ ನಾಟಿದ್ದ. ಜುಟ್ಟಿನಲ್ಲಿ ರಕ್ತದ ಓಡಾಟ ಜಾಸ್ತಿ. ಕೆಲವು ತಿಂಗಳ ಮೇಲೆ ಸೀಳಿ ನೋಡಿದರೆ ಹಲ್ಲು ಅಂಟಿಕೊಂಡಿತ್ತು! ಆದರೆ ಎಷ್ಟೋ ಸಲ ಮಾಡಿದರೂ ಫಲ ಸಿಕ್ಕಿದ್ದು ಒಂದೇ ಸಲ ಎಂದು ಅವನೇ ಬರೆದಿದ್ದಾನೆ. ಆಗ ಲಂಡನ್ನಿನಲ್ಲಿ ಬಡವರ ಹಲ್ಲು ಕಿತ್ತು ಸಿರಿವಂತರ ಬಾಯಿಗೆ ಕೂರಿಸುತ್ತಿದ್ದರು. ನೆನೆಸಿದರೆ ಹೊಟ್ಟೆ ಕಿವುಚುತ್ತದೆ.

ಮೈ ಬೇರೆಯವರದ್ದನ್ನು ಗುರುತು ಹಿಡಿಯುತ್ತದೆ ಎಂದು ತೋರಿಸಿದ್ದು 1940ರ ದಶಕದಲ್ಲಿ ಬ್ರಿಟಿಷ್ ವಿಜ್ಞಾನಿ ಪೀಟರ್ ಮೆಡಾವರ್. ಒಂದು ಮೊಲದ ಚರ್ಮ ಇನ್ನೊಂದಕ್ಕೆ ಹಚ್ಚಿದರೆ ಕೆಲವು ದಿನ ನಿಂತು ಸತ್ತುಹೋಗುತ್ತಿತ್ತು. ಅದೇ ಮೊಲದ ಚರ್ಮ ಮತ್ತೆ ಹಚ್ಚಿದರೆ ಇನ್ನೂ ಬೇಗ. ಮೈಗೆ ನೆನಪಿತ್ತು!

ಹಲ್ಲಿನ ಕಥೆ ಮಾತ್ರ ನಿಧಾನ. ಹೊರಗಿನ ಬಿಳಿ ಕವಚದಲ್ಲಿ ಜೀವಕೋಶಗಳೇ ಇಲ್ಲ. ರಕ್ಷಣಾ ಕಣಗಳಿಗೆ ಅಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ. ಸಿಗುವುದು ಒಳಗಿನ ತಿರುಳಿನಲ್ಲಿ, ಮತ್ತೆ ಬೇರನ್ನು ದವಡೆ ಎಲುಬಿಗೆ ಕಟ್ಟಿದ ನಾರಿನ ಪೊರೆಯಲ್ಲಿ. ಈ ಪೊರೆಯ ದಪ್ಪ ಸುಮಾರು ಕಾಲು ಮಿಲಿಮೀಟರ್ ಅಷ್ಟೇ. ಅದು ಸತ್ತರೆ ಎಲುಬು ನೇರವಾಗಿ ಬೇರಿಗೆ ಅಂಟುತ್ತದೆ. ಹಲ್ಲು ಗಟ್ಟಿಯಾಗಿ ಕೂತಂತೆ ಕಾಣುತ್ತದೆ, ನೋವೂ ಇಲ್ಲ. ಒಳಗೆ ಮಾತ್ರ, ಹಳೆ ಎಲುಬನ್ನು ಕರಗಿಸುವ ಕಣಗಳು ಬೇರನ್ನೂ ಎಲುಬೆಂದೇ ತಿಳಿದು ಕರಗಿಸುತ್ತಾ ಹೋಗುತ್ತವೆ. ಆ ಜಾಗಕ್ಕೆ ಹೊಸ ಎಲುಬು ಬರುತ್ತದೆ. ಕೊನೆಗೆ ಬೇರಿಲ್ಲದ ತಲೆ ಕಳಚಿ ಬೀಳುತ್ತದೆ.

“ಕೂಡ್ತೈತಿ, ಆದ್ರ ಬಾಳ ದಿನ ಉಳಿಯಂಗಿಲ್ಲ” ಅಂದೆ.

ನಮ್ಮದೇ ಹಲ್ಲಾದರೆ ಮೈಗೆ ತಕರಾರಿಲ್ಲ, ಪೊರೆ ಜೀವಂತ ಇದ್ದರೆ ಸಾಕು. ಮಕ್ಕಳು ಬಿದ್ದು ಶಾಶ್ವತ ಹಲ್ಲು ಕಿತ್ತು ಬಂದರೆ ಬೇರು ಮುಟ್ಟಬೇಡಿ, ತಿಕ್ಕಬೇಡಿ. ಹಾಲಿನಲ್ಲಿ ಹಾಕಿಕೊಂಡು ಅರ್ಧ ತಾಸಿನೊಳಗೆ ದಂತವೈದ್ಯರ ಹತ್ತಿರ ಓಡಿ.