ಒಂದೇ ಬುಗ್ಗೆ, ಎರಡು ದಿಬ್ಬ

ಅಮೆರಿಕದ ಯೆಲ್ಲೊಸ್ಟೋನ್ ಉದ್ಯಾನದಲ್ಲಿ ಓಲ್ಡ್ ಫೇತ್‌ಫುಲ್ ಎಂಬ ಬಿಸಿನೀರಿನ ಬುಗ್ಗೆಯಿದೆ. ಅದು ಎಷ್ಟು ನಿಮಿಷ ಚಿಮ್ಮಿತು, ಮತ್ತೆ ಚಿಮ್ಮಲು ಎಷ್ಟು ನಿಮಿಷ ಕಾಯಿಸಿತು ಎಂಬ 272 ದಾಖಲೆಗಳು ‘ಫೇತ್‌ಫುಲ್’ ಎಂಬ ಹೆಸರಿನಲ್ಲಿ, ಅಂಕಿಅಂಶಗಳ ವಿಶ್ಲೇಷಣೆಗೆ ಬಳಸುವ ಆರ್ ಎಂಬ ಕಂಪ್ಯೂಟರ್ ಭಾಷೆಯ ಜೊತೆಗೇ ಬರುತ್ತವೆ. ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ 1990ರ ದಶಕದ ಆರಂಭದಲ್ಲಿ ರೂಪಿಸಿದ ಈ ಉಚಿತ ಭಾಷೆಯಲ್ಲಿ ಗ್ರಾಫ್ ಬಿಡಿಸಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ನನಗಂತೂ ಕಂಡಿಲ್ಲ.

ಕಾಯುವ ಸಮಯದ ಸರಾಸರಿ ಸುಮಾರು 71 ನಿಮಿಷ. ಈಗ ಸ್ತಂಭಗಳ ಚಿತ್ರ (ಹಿಸ್ಟೋಗ್ರಾಂ) ಬಿಡಿಸುವ ಆದೇಶ ‘ಹಿಸ್ಟ್’ ಎಂದು ಬರೆದು, ಆವರಣದೊಳಗೆ ಫೇತ್‌ಫುಲ್, ಡಾಲರ್ ಚಿಹ್ನೆ, ‘ವೇಟಿಂಗ್’ ಸೇರಿಸಿ. (ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರದಲ್ಲಿರಲಿ, ದೊಡ್ಡಕ್ಷರ ಬಂದರೆ ಆರ್ ಗುರುತಿಸುವುದಿಲ್ಲ.) ಆರ್ ತಾನಾಗಿಯೇ ಐದೈದು ನಿಮಿಷಕ್ಕೊಂದು ಸ್ತಂಭ ನಿಲ್ಲಿಸುತ್ತದೆ; ದಾಖಲೆಗಳು ಹೆಚ್ಚಿದ್ದಷ್ಟೂ ಸ್ತಂಭ ಎತ್ತರ. ಒಂದು ದಿಬ್ಬ 50–55ರಲ್ಲಿ, ಇನ್ನೊಂದು 80ರ ಅಕ್ಕಪಕ್ಕ. ನಡುವೆ, 65–70ರಲ್ಲಿ, ಬರೀ 10 ದಾಖಲೆಗಳ ತಗ್ಗು. ಸರಾಸರಿ ಬಂದು ಕೂತಿರುವುದು ಈ ತಗ್ಗಿನ ಪಕ್ಕದಲ್ಲೇ!

ಅದೇ ಆದೇಶದ ಆವರಣದೊಳಗೆ ಅಲ್ಪವಿರಾಮ ಹಾಕಿ ‘ಬ್ರೇಕ್ಸ್’ = 3 (ಸುಮಾರು ಮೂರು ಸ್ತಂಭ ಸಾಕು ಎಂದರ್ಥ) ಎಂದು ಸೇರಿಸಿ ನೋಡಿ. ಸ್ತಂಭಗಳು 20 ನಿಮಿಷ ಅಗಲವಾಗುತ್ತವೆ, ಮೂರೇ ಉಳಿಯುತ್ತವೆ, ನಡುವಿನದೇ ಎಲ್ಲಕ್ಕಿಂತ ಎತ್ತರ. ಎರಡು ದಿಬ್ಬಗಳು ಮಾಯ. ಅಂಕಿ ಒಂದೂ ಬದಲಾಗಿಲ್ಲ. ಹಾಗಾಗಿ ಆರ್ ಮೊದಲು ಕೊಟ್ಟ ಚಿತ್ರಕ್ಕೇ ತೃಪ್ತರಾಗದೆ, ಅಗಲವನ್ನು ಹಿಗ್ಗಿಸಿ ಕುಗ್ಗಿಸಿ ನೋಡುವುದು ಕಡ್ಡಾಯ ಎಂದೇ ನನ್ನ ಹಟ. ‘ಬಾಕ್ಸ್‌ಪ್ಲಾಟ್’ ಕೂಡ ಇಲ್ಲಿ ಕೈಕೊಡುತ್ತದೆ: ನಡುವಿನ ಅರ್ಧದಷ್ಟು ದಾಖಲೆಗಳಿಗೆ 58ರಿಂದ 82ರವರೆಗೆ ಒಂದು ಪೆಟ್ಟಿಗೆ ಎಳೆದು ತಗ್ಗನ್ನು ಒಳಗೇ ಮುಚ್ಚಿಬಿಡುತ್ತದೆ. ಪೈ ಚಾರ್ಟಿನ ಮಾತಂತೂ ಬೇಡ. ಮಾಹಿತಿ ತೋರಿಸಲು ಅದು ತೀರಾ ಕೆಟ್ಟ ವಿಧಾನವೆಂದು ಆರ್‌ನ ಸಹಾಯಪುಟವೇ ಹೇಳುತ್ತದೆ.

ಎರಡು ದಿಬ್ಬ ಏಕೆ? ‘ಪ್ಲಾಟ್’ ಆದೇಶಕ್ಕೆ ಫೇತ್‌ಫುಲ್ ಒಂದನ್ನೇ ಕೊಡಿ. ಅಡ್ಡಕ್ಕೆ ಚಿಮ್ಮಿದ ಅವಧಿ, ಉದ್ದಕ್ಕೆ ಕಾಯುವ ಸಮಯ. ಚುಕ್ಕೆಗಳು ಎರಡು ಗುಂಪಾಗಿ ಒಡೆಯುತ್ತವೆ. ಎರಡು ನಿಮಿಷದಷ್ಟು ಚಿಮ್ಮಿ ನಿಂತರೆ ಮುಂದಿನದಕ್ಕೆ 55 ನಿಮಿಷದ ಆಸುಪಾಸು; ನಾಲ್ಕೂವರೆ ನಿಮಿಷ ಚಿಮ್ಮಿದರೆ 80ರ ಆಸುಪಾಸು. ಹೆಚ್ಚು ಹೊತ್ತು ಚಿಮ್ಮಿದಾಗ ನೆಲದಡಿಯ ಕೊಳವೆಯಿಂದ ಹೆಚ್ಚು ನೀರು ಖಾಲಿಯಾಗುತ್ತದೆ, ಮತ್ತೆ ತುಂಬಿ ಬಿಸಿಯಾಗಲು ಹೆಚ್ಚು ಸಮಯ ಬೇಕು. ಉದ್ಯಾನದ ಸಿಬ್ಬಂದಿ ಮುಂದಿನ ಚಿಮ್ಮುವಿಕೆಯ ವೇಳೆಯನ್ನು ಅಂದಾಜಿಸುವುದೂ ಹಿಂದಿನದರ ಅವಧಿ ನೋಡಿಯೇ.