ಕರುಣೆಗೆ ದೊಡ್ಡ ಲೈಟ್ ಬೇಕು

ಸಿನಿಮಾದಲ್ಲಿ ಇಂಥ ಒಂದು ಸೀನ್ ಅನ್ಕೊಳಿ: ಅನುಮಾನಕ್ಕೆ ಸಿಕ್ಕಿರೋ ಮನುಷ್ಯ ಚರ್ಚ್ ಬೆಂಚಲ್ಲಿ ಕೂತು ಪಾದ್ರಿ ಹತ್ರ ಬಾಯ್ಬಿಡ್ತಿದಾನೆ, ಡಿಟೆಕ್ಟಿವ್ ಕಂಬದ ಹಿಂದೆ ನಿಂತು ಕೇಳ್ತಿದಾನೆ, ಅಷ್ಟರಲ್ಲಿ ಹೊರಗೆ ಮೋಡ ಬಂದು ಬೆಂಚಲ್ಲಿ ಕೂತವನ ಮುಖದ ಬೆಳಕು ಮೆತ್ತಗಾಗುತ್ತೆ. ಇಷ್ಟೊತ್ತು ಕೊಲೆಗಾರ ಅನ್ಕೊಂಡಿದ್ದವನ ಮೇಲೆ ನಮ್ಗೆ ಅಯ್ಯೋ ಅನ್ಸುತ್ತೆ. ಇದನ್ನ 'ಲೈಟ್ ಡಿಮ್ ಮಾಡಿದ್ರು' ಅಂತ ಯಾರಾದ್ರೂ ಅಂದ್ರೆ ನಂಗೆ ಮೈ ಉರಿಯುತ್ತೆ, ಡಿಮ್‌ಗೂ ಸಾಫ್ಟ್‌ಗೂ ಏನ್ರೀ ಸಂಬಂಧ? ಡಿಮ್ ಅಂದ್ರೆ ಬೆಳಕು ಕಮ್ಮಿ, ಸಾಫ್ಟ್ ಅಂದ್ರೆ ನೆರಳಿನ ಅಂಚು ಮೆತ್ತಗೆ.

ಸೂರ್ಯನ ಅಡ್ಡಳತೆ ಸುಮಾರು 14 ಲಕ್ಷ ಕಿಲೋಮೀಟರ್, ಆದ್ರೆ ಇರೋದು 15 ಕೋಟಿ ಕಿಲೋಮೀಟರ್ ದೂರದಲ್ಲಿ, ಹಾಗಾಗಿ ಆಕಾಶದಲ್ಲಿ ಬರೀ ಅರ್ಧ ಡಿಗ್ರಿ ಜಾಗ ಹಿಡಿಯುತ್ತೆ. ಅಷ್ಟು ಚಿಕ್ಕ ದೀಪ ಆದ್ರಿಂದ ನೆರಳಿನ ಅಂಚು ಬ್ಲೇಡಲ್ಲಿ ಕೊಯ್ದಂಗೆ. ಮೋಡ ಕವಿದ್ರೆ ಇಡೀ ಆಕಾಶಾನೇ ದೀಪ! ಈಗ ಮೂಗಿನ ಪಕ್ಕದಲ್ಲಿ ಒಂದು ಇರುವೆ ಕೂತಿದೆ ಅನ್ಕೊಳಿ, ಮೂಗು ಅಡ್ಡ ಇದ್ರೂ ದೀಪದ ಅರ್ಧ ಭಾಗ ಅದಕ್ಕೆ ಕಾಣುತ್ತೆ, ಸ್ವಲ್ಪ ಸರಿದ್ರೆ ಮುಕ್ಕಾಲು ಕಾಣುತ್ತೆ, ಅದಕ್ಕೇ ನೆರಳು ಒಂದೇ ಏಟಿಗೆ ಮುಗಿಯಲ್ಲ, ಕರಗುತ್ತೆ. ಗ್ರಹಣದಲ್ಲಿ ಅರೆನೆರಳು ಅಂತೀವಲ್ಲ, ಅದೇ ಲೆಕ್ಕ, ಇಲ್ಲಿ ಚಂದ್ರನ ಬದ್ಲು ಮೂಗು. ಇನ್ನೊಂದು ಥರ ಹೇಳ್ಬೇಕಂದ್ರೆ, ಒಬ್ಬನೇ ಎದುರು ನಿಂತು ಗದರಿಸೋದಕ್ಕೂ ಮನೆಮಂದಿಯೆಲ್ಲ ಸುತ್ತ ಕೂತು 'ಏನಾಯ್ತಪ್ಪ' ಅಂತ ಕೇಳೋದಕ್ಕೂ ಇರೋ ವ್ಯತ್ಯಾಸ. ಸೆಟ್ಟಲ್ಲಿ ಮೋಡದ ಕೆಲ್ಸ ಮಾಡೋದು ಲೈಟಿನ ಮುಂದೆ ಇಡೋ, ಫ್ರೇಮಿಗೆ ಬಿಗಿದ ಬಿಳೀ ಬಟ್ಟೆ, ಮುಖದ ಹತ್ರ ತಂದಷ್ಟೂ ದೊಡ್ಡದಾಗಿ ಕಾಣುತ್ತೆ, ಬೆಳಕು ಮೆತ್ತಗೆ, ಅದೇ ಬಟ್ಟೆ ದೂರ ಒಯ್ದ್ರೆ ಮತ್ತೆ ಒರಟು.

ನಂಬಿಕೆಗೆ ಮಾತ್ರ ಈ ಮೆತ್ತಗಿನ ಬೆಳಕು ಸಾಲಲ್ಲ, ಅದಕ್ಕೆ ಬಿಸಿಲುಕೋಲೇ ಬೇಕು. ಯೇಸು ಸುಂಕದ ಮತ್ತಾಯನನ್ನ ಶಿಷ್ಯನಾಗೋಕೆ ಕರೆಯೋ ಒಂದು ಚಿತ್ರ, ಇಟಲಿಯ ಚಿತ್ರಕಾರ ಕಾರವಾಜ್ಜೊ ಬರೆದು 1600ರಲ್ಲಿ ಮುಗಿಸಿದ್ದು, ರೋಮ್‌ನ ಒಂದು ಚರ್ಚಲ್ಲಿದೆ: ಕತ್ತಲೆ ಕೋಣೆ, ಮೇಜಿನ ಮೇಲೆ ದುಡ್ಡು, ಸುತ್ತ ಸುಂಕದವರು, ಬಲಗಡೆಯಿಂದ ಓರೆಯಾಗಿ ಒಂದು ಬೆಳಕು. ಮಜಾ ಅಂದ್ರೆ ಗೋಡೇಲಿ ಕಿಟಕಿ ಇದೆ, ಆದ್ರೆ ಬೆಳಕು ಅದ್ರಿಂದ ಬರ್ತಿಲ್ಲ! ಪಕ್ಕಾ ಕ್ರೈಮ್ ಸೀನ್ ಕಣ್ರೀ.

ಸಿನಿಮಾದಲ್ಲಿ ಬಿಸಿಲುಕೋಲು ಕಂಡ ತಕ್ಷಣ ದೈವೀ ಶಕ್ತಿ ಅಂತ ಕೈಮುಗಿಯೋರಿಗೆ ಒಂದು ಮಾತು, ಧೂಳಿಲ್ದೇ ಇದ್ರೆ ಅದು ಕಾಣೋದೇ ಇಲ್ಲ. ಭೌತವಿಜ್ಞಾನಿ ಜಾನ್ ಟಿಂಡಾಲ್ 1870ರ ಹೊತ್ತಿಗೇ ತೋರಿಸಿದ್ದ, ಗಾಳೀಲಿರೋ ಕಣ ಎಲ್ಲಾ ತೆಗೆದ್ರೆ ಬೆಳಕಿನ ದಾರಿ ಕಪ್ಪಗಾಗುತ್ತೆ ಅಂತ. ಸೆಟ್ಟಲ್ಲಿ ಅದಕ್ಕೇ ಹೊಗೆ ಮಷೀನ್ ಇಡ್ತಾರೆ. ಇದು ಗೊತ್ತಿದ್ದೂ ನಂಗೆ ರೋಮಾಂಚನ ಆಗೇ ಆಗುತ್ತೆ, ಅದು ಬೇರೆ ವಿಷ್ಯ.

ಆ ಬೆಂಚಿನಂಥ ಸೀನ್ ಬಂದಾಗ ಒಮ್ಮೆ ಪಾಜ್ ಮಾಡಿ ಅವನ ಕಣ್ಣು ನೋಡಿ. ಕಪ್ಪು ಗುಡ್ಡೆ ಮೇಲೆ ಉಗುರಿನ ಚೂರಿನಷ್ಟು ಬಿಳೀ ಚೌಕ ಇರುತ್ತೆ, ಅದೇ ಆ ಬಟ್ಟೆ.