ಕೊನೆಯ ಎರಡು ಮೀಟರ್

"ಇನ್ನು ಎರಡೇ ಮೀಟರ್ ತಾನೇ ಸಾರ್, ಇಲ್ಲಿಗೇ ನಿಲ್ಲಿಸೋಣ್ವಾ?" ಮಣ್ಣಿನ ಅಣೆಕಟ್ಟಿನ ಅಡಿಗೆ, ನೆಲದೊಳಗಿನ ಸೋರಿಕೆ ತಡೆಯುವ ಕಟ್‌ಆಫ್ ಗೋಡೆ ಇಳಿಸುವ ಕೆಲಸದಲ್ಲಿ ಈ ಮಾತು ಒಮ್ಮೆಯಾದರೂ ಬರುತ್ತದೆ. ಗೋಡೆ ಗಟ್ಟಿ ಬಂಡೆಯೊಳಗೆ ಕೂರಬೇಕು. ಮುಕ್ಕಾಲು ಪಾಲು ಇಳಿಸಿದರೆ ಸೋರಿಕೆಯೂ ಮುಕ್ಕಾಲು ನಿಲ್ಲುತ್ತದೆ ಎಂದುಕೊಂಡರೆ ತಪ್ಪು. ಉಳಿದ ಸಂದಿನಲ್ಲಿ ನೀರು ಇನ್ನೂ ರಭಸವಾಗಿ ನುಗ್ಗುತ್ತದೆ.

ಕಟ್ಟೆ ಸ್ವಲ್ಪ ಜಿನುಗುವುದು ಸಹಜ. ಜಿನುಗುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡಿ. ಕದಡಿದ್ದರೆ ಒಳಗಿನ ಮಣ್ಣು ಕೊಚ್ಚಿ ಬರುತ್ತಿರಬಹುದು, ತಡ ಮಾಡುವಂತಿಲ್ಲ.

ಗೋಡೆಗಾಗಿ ತೋಡುವ ಕಂದಕ ಒಂದು ಮೀಟರಿಗಿಂತ ಅಗಲವಿರುವುದು ಕಡಿಮೆ, ಆಳ ಮಾತ್ರ ಹತ್ತಾರು ಮೀಟರ್. ಕುಸಿಯಲ್ವಾ? ಅಗೆಯುತ್ತಾ ಹೋದಂತೆ ಅದರೊಳಗೆ ಬೆಂಟೋನೈಟ್ ಸ್ಲರಿ ತುಂಬುತ್ತೇವೆ. ಇದು ಒಂದು ಬಗೆಯ ಜೇಡಿಮಣ್ಣನ್ನು ನೀರಿಗೆ ಕಲಸಿದ್ದು, ಬೆರಳಿಗೆ ಸಾಬೂನಿನಂತೆ ಜಾರುತ್ತದೆ. ಕಂದಕದ ಮೈಗೆ ತೆಳ್ಳಗೆ ಅಂಟಿಕೊಳ್ಳುತ್ತದೆ. ಆ ಪೊರೆಯನ್ನು ಸ್ಲರಿಯ ಭಾರವೇ ಒತ್ತಿ ಹಿಡಿಯುತ್ತದೆ. ಆಮೇಲೆ ಟ್ರೆಮಿ ಪೈಪನ್ನು ತಳದವರೆಗೆ ಇಳಿಸಿ ಕಾಂಕ್ರೀಟ್ ಬಿಟ್ಟರೆ, ಅದು ಸ್ಲರಿಯನ್ನು ಮೇಲಕ್ಕೆ ತಳ್ಳುತ್ತಾ ತುಂಬಿಕೊಳ್ಳುತ್ತದೆ. ಪೈಪಿನ ತುದಿ ಸದಾ ಕಾಂಕ್ರೀಟಿನೊಳಗೆ ಮುಳುಗಿರಬೇಕು. ಅವಸರಕ್ಕೆ ಮೇಲೆ ಎಳೆದರೋ, ಗೋಡೆಯ ನಡುವೆ ಕೆಸರಿನ ಪಟ್ಟಿ ಉಳಿಯುತ್ತದೆ.

ನನಗೆ ಜಾಸ್ತಿ ಅನುಮಾನ ಜಾಯಿಂಟುಗಳ ಮೇಲೆ. ಗೋಡೆಯನ್ನು ಪ್ಯಾನೆಲ್ ಪ್ಯಾನೆಲ್ ಆಗಿ ಕಟ್ಟುತ್ತೇವೆ. 60 ಮೀಟರ್ ಆಳದ ಪ್ಯಾನೆಲ್ ಶೇ 0.5ರಷ್ಟು ವಾಲಿದರೂ ತಳದಲ್ಲಿ 30 ಸೆಂ.ಮೀ. ಸರಿದಿರುತ್ತದೆ. ಒಂದು ಪ್ಯಾನೆಲ್ ನೀರಿನ ಕಡೆಗೆ, ಪಕ್ಕದ್ದು ಆಚೆಗೆ ಇಷ್ಟಿಷ್ಟೇ ವಾಲಿದರೂ ಸಾಕು, 60 ಸೆಂ.ಮೀ. ದಪ್ಪದ ಗೋಡೆಗೆ ತಳದಲ್ಲಿ ಕೂಡುವ ಜಾಗವೇ ಉಳಿಯಲ್ಲ. ಮೇಲೆ ನಿಂತು ನೋಡಿದವರಿಗೆ ಎಲ್ಲ ನೆಟ್ಟಗೇ ಕಾಣುತ್ತದೆ! ಅದಕ್ಕೇ ಅಗೆಯುವಾಗಲೇ ಓರೆ ಅಳೆಯಬೇಕು.

ಅಮೆರಿಕದ ಕೆಂಟಕಿಯಲ್ಲಿರುವ ವುಲ್ಫ್ ಕ್ರೀಕ್ ಅಣೆಕಟ್ಟಿನ ಅಡಿಯಲ್ಲಿ ಸುಣ್ಣಕಲ್ಲು, ಅದರೊಳಗೆ ಪೊಟರೆಗಳು. 1968ರಲ್ಲಿ ಕೆಳಗೆ ಕೆಸರುನೀರು ಬಂತು, ನೆಲ ಗುಂಡಿಬಿತ್ತು. 1970ರ ದಶಕದಲ್ಲಿ ಗೋಡೆ ಕಟ್ಟಿದರು. ಆಳವೂ ಸಾಲಲಿಲ್ಲ, ಉದ್ದವೂ ಸಾಲಲಿಲ್ಲ. ನೀರು ಸುತ್ತು ಬಳಸಿ ದಾರಿ ಮಾಡಿಕೊಂಡಿತು. ಇನ್ನೂ ಆಳದ ಎರಡನೇ ಗೋಡೆ ಮುಗಿದಿದ್ದು 2013ರಲ್ಲಿ.

ಗೋಡೆ ಮುಗಿದ ಮೇಲೆ ನಾನು ಹೋಗುವುದು ನೆಲದೊಳಗಿನ ನೀರಿನ ಒತ್ತಡ ಅಳೆಯುವ ಪಿಯೆಜೋಮೀಟರುಗಳ ಹತ್ತಿರ. ಗೋಡೆಯ ಆಚೆಗೆ, ಜಲಾಶಯವಿಲ್ಲದ ಬದಿಯಲ್ಲಿ, ಅವು ತೋರಿಸುವ ನೀರಿನ ಮಟ್ಟ ಇಳಿಯುತ್ತಾ ಬರಬೇಕು. ಜಲಾಶಯ ಏರಿದಾಗೆಲ್ಲ ಅದೂ ಮೊದಲಿನಂತೆಯೇ ಏರುತ್ತಿದ್ದರೆ ಮತ್ತೆ ಡ್ರಿಲ್ ತರಿಸಬೇಕು.